ಬೇಲಿಯಾಚೆ ಮಲಗಿದ ಜಿಂಕೆ

ಕ್ಲೆಮ್ ವಾಂಟಾ ಹಾಲಿನ ಟ್ಯಾಂಕರ್ ಓಡಿಸುವವನು. ವಿಸ್ಕಾನ್ಸಿನ್ನಿನ ಆ ಸೀಮೆಯಲ್ಲಿ ಪೋಲೆಂಡಿನಿಂದ ಬಂದವರ ಮೊಮ್ಮಕ್ಕಳು, ಮರಿಮಕ್ಕಳೇ ಹೆಚ್ಚು. ಅವರ ದನದ ಕೊಟ್ಟಿಗೆಗಳ ಮುಂದೆ ಗಾಡಿ ನಿಲ್ಲಿಸಿ, ಹಾಲು ತುಂಬಿಕೊಂಡು, ಚೀಸ್ ಕಾರ್ಖಾನೆಗೆ ಮುಟ್ಟಿಸುವುದರಲ್ಲೇ ಅವನ ಪ್ರಾಯ ಕಳೆಯಿತು. ವರ್ಷ ವರ್ಷವೂ ಒಂದೆರಡು ಕೊಟ್ಟಿಗೆಗಳು ಮುಚ್ಚಿದವು. ಹಾಲು ಕಡಿಮೆಯಾಗಿ ದಾರಿ ಉದ್ದವಾಯಿತು. ಆದರೆ ಜನ ಅವನನ್ನು ಕೇಳಿಕೊಂಡು ಬರುತ್ತಿದ್ದದ್ದು ಹಾಲಿಗಲ್ಲ, ಅವನ ನಾಯಿಗೆ.

ನಾಯಿಯ ಹೆಸರು ಫ್ರೀಡಾ. ಒರಟು ಕೂದಲಿನ, ಮೋಟುಕಾಲಿನ ಡ್ಯಾಶ್‌ಹಂಡ್. ಅವನು ಹಾಲು ತುಂಬಿಸಿಕೊಳ್ಳುತ್ತಿದ್ದ ಮನೆಯೊಂದರ ಹೆಂಗಸು ಆ ಜಾತಿಯ ಮರಿಗಳನ್ನು ಸಾಕುತ್ತಿದ್ದಳು. ಯಾರಿಗೂ ಬೇಡವಾಗಿ ಉಳಿದ ಸಣ್ಣ ಮರಿಯನ್ನು ಅವಳು ಒಂದು ದಿನ ಟ್ಯಾಂಕರಿನ ಸೀಟಿನ ಮೇಲೆ ಕೂರಿಸಿಬಿಟ್ಟಳು. ಗಾಯಗೊಂಡ ಜಿಂಕೆಯ ಜಾಡು ಹಿಡಿಯಲು ಇದಕ್ಕಿಂತ ಒಳ್ಳೆಯ ನಾಯಿ ಸಿಗದೆಂದು ಅವಳೇ ಹೇಳಿಕೊಟ್ಟಳು. ಕ್ಲೆಮ್ ತನ್ನ ಬೇಟೆಯ ಜಿಂಕೆಯ ರಕ್ತವನ್ನು ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟು, ಅದನ್ನೇ ಕಾಡಿನಲ್ಲಿ ಹನಿ ಹನಿಯಾಗಿ ಚಿಮುಕಿಸಿ ಮರಿಗೆ ಪಾಠ ಮಾಡಿದ. ಒಮ್ಮೆ ಅವನ ಅತ್ತೆ ಆ ಬಾಟಲಿಯನ್ನು ಪೋಲೆಂಡಿನವರು ಮಾಡುವ ಬಾತುಕೋಳಿಯ ರಕ್ತದ ಸಾರಿಗೆ ಎತ್ತಿಟ್ಟದ್ದೆಂದು ತಿಳಿದು ಪಾತ್ರೆಗೆ ಸುರಿದೇಬಿಟ್ಟಿದ್ದಳು. ಹೆಂಡತಿ ಡಲೋರಿಸ್ ಆ ಕಥೆಯನ್ನು ಪ್ರತಿ ಈಸ್ಟರಿಗೂ ಹೇಳುತ್ತಿದ್ದಳು.

ಬಿಲ್ಲಿನ ಬೇಟೆಯಲ್ಲಿ ಜಿಂಕೆ ನಿಂತಲ್ಲೇ ಬೀಳುವುದು ಅಪರೂಪ. ಎದೆಗೆ ಬಾಣ ನಾಟಿದರೂ ಒಂದಷ್ಟು ದೂರ ಓಡುತ್ತದೆ. ಬಾಣ ಹಿಂದೆ ಹೊಟ್ಟೆಗೆ ಬಿದ್ದರಂತೂ ಮನುಷ್ಯನ ಕಣ್ಣಿಗೆ ಜಾಡೇ ಸಿಗದು. ಆಗ ಕ್ಲೆಮ್‌ಗೆ ಫೋನು ಬರುತ್ತಿತ್ತು. ಅವನು ಫ್ರೀಡಾಳ ಕೊರಳಿಗೆ ಉದ್ದನೆಯ ಕಿತ್ತಳೆ ಬಣ್ಣದ ಹಗ್ಗ ಕಟ್ಟಿಕೊಂಡು ಹೋಗುತ್ತಿದ್ದ. ಯಾರಿಂದಲೂ ಏನನ್ನೂ ಕೇಳುತ್ತಿರಲಿಲ್ಲ. ಅವರಾಗಿ ಕೊಟ್ಟ ಸಾಸೇಜನ್ನೋ ಗಸಗಸೆ ರೊಟ್ಟಿಯನ್ನೋ ಬೇಡವೆನ್ನುತ್ತಲೂ ಇರಲಿಲ್ಲ.

ಅವನ ಗೆಳೆಯ ನಾರ್ಬರ್ಟ್ ಕ್ಲಕ್. ಆಲೂಗಡ್ಡೆ ಗೋದಾಮಿನಲ್ಲಿ ಯಂತ್ರ ರಿಪೇರಿ ಮಾಡುವವನು, ಮೈಯೂ ಬಾಯಿಯೂ ದೊಡ್ಡವು. ಶಾಲೆಗೆ ಹೋಗುವಾಗಿನಿಂದ ಇಬ್ಬರೂ ನಾರ್ಬರ್ಟನ ಚಿಕ್ಕಪ್ಪನ ಓಕ್ ಕಾಡಿನಲ್ಲಿ ಒಟ್ಟಿಗೆ ಬೇಟೆಯಾಡಿದವರು. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಇಬ್ಬರಿಗೂ ಒಂದೊಂದು ಮರ, ಮರದ ಮೇಲೆ ಒಂದೊಂದು ಅಟ್ಟಣೆ. ಜಿಂಕೆ ಬರಲಿ ಬಿಡಲಿ, ಕತ್ತಲಾದ ಮೇಲೆ ಇಳಿದು ಬಂದು ಪಿಕಪ್ ಗಾಡಿಯ ಹಿಂದೆ ಕುಳಿತು ಬ್ರ್ಯಾಂಡಿ ಕುಡಿಯುವುದು, ಒಬ್ಬರನ್ನೊಬ್ಬರು ಹೀಯಾಳಿಸುವುದು ನಡೆದೇ ಇರುತ್ತಿತ್ತು.

ಆ ವರ್ಷ ಬೇಸಿಗೆಯಲ್ಲಿ ನಾರ್ಬರ್ಟನ ಭುಜಕ್ಕೆ ಆಪರೇಷನ್ ಆಯಿತು. ಬಿಲ್ಲಿನ ಹೆದೆ ಎಳೆಯಬಾರದೆಂದು ಡಾಕ್ಟರು ಹೇಳಿದ್ದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಕ್ಲೆಮ್‌ಗೆ ಮಾತ್ರ ಬಾಯಿಬಿಟ್ಟಿದ್ದ.

“ಈ ವರ್ಷ ಅಡ್ಡಬಿಲ್ಲು ತಗೊಳ್ಳೋ. ಬಂದೂಕಿನ ಥರ ಕುದುರೆ ಒತ್ತಿದ್ರೆ ಸಾಕು, ಎಳೆದು ಹಿಡಿಯೋ ಕೆಲಸ ಇಲ್ಲ” ಅಂದ ಕ್ಲೆಮ್.

“ಅಡ್ಡಬಿಲ್ಲು ಹಿಡಿಯೋದೂ ಒಂದೇ, ಅಂಗಡಿಗೆ ಹೋಗಿ ಮಾಂಸ ತರೋದೂ ಒಂದೇ. ನಿಂಗೆ ವಯಸ್ಸಾಯ್ತು ಅಂತ ನನ್ನನ್ನೂ ಮುದುಕನ್ನ ಮಾಡ್ಬೇಡ.”



ಅಕ್ಟೋಬರಿನ ಕೊನೆಯಲ್ಲಿ, ಸಂಜೆ ಬೆಳಕು ಕುಂದುವ ಹೊತ್ತಿಗೆ ನಾರ್ಬರ್ಟನ ಮರದ ಕಡೆಯಿಂದ ಹೆದೆ ಬಿಟ್ಟ ಸದ್ದು, ಹಿಂದೆಯೇ ತರಗೆಲೆಗಳ ಮೇಲೆ ಓಟದ ಸದ್ದು ಕೇಳಿಸಿತು. ಕ್ಲೆಮ್ ಇಳಿದು ಹೋದಾಗ ನಾರ್ಬರ್ಟ್ ಕೆಳಗೆ, ಜಿಂಕೆಯ ಮೈ ತೂರಿ ಆಚೆ ಬಿದ್ದಿದ್ದ ಬಾಣ ಹಿಡಿದು ನಿಂತಿದ್ದ. ಎಡಗೈಯಿಂದ ಬಲಭುಜವನ್ನು ಒತ್ತಿಕೊಂಡಿದ್ದ.

“ಹೆಣ್ಣು ಜಿಂಕೆ. ಎಳೆದು ಹಿಡಿದಿದ್ದೆ, ಅದು ನಿಂತೇ ಇತ್ತು. ಕೈ ನಡುಗಿಬಿಡ್ತು ಕಣೋ.”

ಕ್ಲೆಮ್ ಬಾಣ ಇಸಿದುಕೊಂಡು ಮೂಸಿದ. ಗರಿಗೆ ಹಸಿರು ಲೋಳೆ ಮೆತ್ತಿತ್ತು. “ಹೊಟ್ಟೆಗೆ ಬಿದ್ದಿದೆ” ಅಂದ. “ಈಗ ಬೆನ್ನು ಹತ್ತಿದ್ರೆ ಊರಾಚೆಗೆ ಓಡುತ್ತೆ. ಬಿಟ್ಟರೆ ಹತ್ತಿರದಲ್ಲೇ ಮಲಗುತ್ತೆ. ಬೆಳಿಗ್ಗೆ ಫ್ರೀಡಾನ ಕರ್ಕೊಂಡು ಬರ್ತೀನಿ.”

“ಬೆಳಗಿನವರೆಗೂ ಅದು ಹಾಗೇ ಇರಬೇಕಾ?”

“ಬೇರೆ ದಾರಿ ಇಲ್ಲ.”

ಇದೇ ಮಾತನ್ನು ಅವನು ಎಷ್ಟೋ ಜನರಿಗೆ ಹೇಳಿದ್ದ. ಗೆಳೆಯನಿಗೆ ಹೇಳಬೇಕಾಗಿ ಬಂದದ್ದು ಇದೇ ಮೊದಲು. ಆ ದಿನ ಬ್ರ್ಯಾಂಡಿ ಬಾಟಲಿ ಗಾಡಿಯಲ್ಲೇ ಉಳಿಯಿತು.

ಬೆಳಿಗ್ಗೆ ಕ್ಲೆಮ್ ತನ್ನ ಹಾಲಿನ ಪಾಳಿಯನ್ನು ಬೇರೊಬ್ಬನಿಗೆ ವಹಿಸಿ ಬಂದ. ಹುಲ್ಲಿನ ಮೇಲೆ ಮಂಜು ಬಿಳಿಯಾಗಿ ಗಟ್ಟಿಕಟ್ಟಿತ್ತು. ಬಾಣ ಬಿದ್ದಿದ್ದ ಜಾಗದಲ್ಲಿ ಫ್ರೀಡಾ ಒಂದು ಸುತ್ತು ಹಾಕಿ ಮೂಗು ನೆಲಕ್ಕೆ ತಾಗಿಸಿದಳು. ಆಮೇಲೆ ಅವಳಿಗೆ ಯಾರ ನೆನಪೂ ಇರಲಿಲ್ಲ. ಕಣ್ಣಿಗೆ ಒಂದು ಹನಿ ರಕ್ತ ಕಾಣದ ನೆಲದಲ್ಲಿ ಹಗ್ಗ ಬಿಗಿಯುವಂತೆ ಎಳೆಯುತ್ತಾ ನಡೆದಳು. ನಾರ್ಬರ್ಟ್ ಹಿಂದಿನಿಂದ ಬರುತ್ತಾ, ದಾರಿ ತಪ್ಪದಂತೆ ಗಿಡಗಳಿಗೆ ಬಿಳಿ ಕಾಗದದ ಚೂರು ಸಿಕ್ಕಿಸುತ್ತಿದ್ದ. ಪೊದೆ ದಾಟಿ, ಕೆಸರು ದಾಟಿ, ನೀರುಗಾಲುವೆ ದಾಟಿ ನಡೆದರು. ಒಂದು ಕಡೆ ಹುಲ್ಲು ಒರಗಿತ್ತು. ಜಿಂಕೆ ಅಲ್ಲಿ ಮಲಗಿ, ಮತ್ತೆ ಎದ್ದು ಹೋಗಿತ್ತು.

ಅದರಾಚೆ ತಂತಿಬೇಲಿ. ಪ್ರವೇಶವಿಲ್ಲ ಎಂಬ ಹಳದಿ ಫಲಕಗಳು ಮರದಿಂದ ಮರಕ್ಕೆ. ಬೇಲಿಯಾಚೆ, ಕಲ್ಲೆಸೆದರೆ ಮುಟ್ಟುವಷ್ಟು ದೂರದಲ್ಲಿ, ಪೈನ್ ಮರದ ಕೆಳಗೆ ಜಿಂಕೆ ಮಲಗಿತ್ತು. ಸತ್ತಿರಲಿಲ್ಲ. ತಲೆ ಎತ್ತಿ ಇವರ ಕಡೆ ನೋಡುತ್ತಿತ್ತು. ಏಳಲು ಮುಂಗಾಲು ಊರಿತು, ಹಿಂಗಾಲು ಬರಲಿಲ್ಲ.

ಫ್ರೀಡಾ ತಂತಿಯ ಕೆಳಗೆ ಮೂತಿ ತೂರಿಸಿ ಕುಂಯ್‌ಗುಟ್ಟಿದಳು. ಕ್ಲೆಮ್ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡ.

ಆ ಕಾಡು ಮರೀನೋ ಎಂಬವನದು. ಷಿಕಾಗೋ ಕಡೆಯವನು, ಬೇಟೆಗೆಂದೇ ಆ ಜಾಗ ಕೊಂಡಿದ್ದ. ಕ್ಲೆಮ್ ಅವನ ಮುಖ ನೋಡಿರಲಿಲ್ಲ. ಪಕ್ಕದ ಕೊಟ್ಟಿಗೆಯವರಿಗೆ ಫೋನು ಮಾಡಿ ನಂಬರು ತೆಗೆದುಕೊಂಡ. ಬೆಳಗಿನ ಹೊತ್ತೆಲ್ಲ ಮರೀನೋ ಫೋನು ಎತ್ತಲಿಲ್ಲ. ಊಟದ ಹೊತ್ತಿಗೆ ಎತ್ತಿದ.

“ಸರ್, ನನ್ನ ಹೆಸರು ಕ್ಲೆಮ್ ವಾಂಟಾ, ಹಾಲಿನ ಗಾಡಿಯವನು. ಗಾಯ ಆಗಿರೋ ಜಿಂಕೆ ಒಂದು ನಿಮ್ಮ ಕಾಡಲ್ಲಿ ಬಿದ್ದಿದೆ, ಇಲ್ಲಿಂದ ಕಾಣಿಸ್ತಿದೆ. ನಾಯಿನ ಹಗ್ಗದಲ್ಲೇ ಹಿಡ್ಕೊಂಡು ಒಳಗೆ ಬಂದು, ಅದನ್ನ ಮುಗಿಸಿ ತಗೊಂಡು ಹೋಗ್ತೀವಿ. ಬೇಕಾದ್ರೆ ನಾಯಿನ ಈಚೆಗೇ ಕಟ್ಟಿ ಬರ್ತೀವಿ.”

“ಆಗಲ್ಲ” ಅಂದ ಮರೀನೋ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಹೋದ ವರ್ಷವೂ ಯಾರೋ ಹೀಗೇ ಹೇಳಿ ಒಳಗೆ ಬಂದ್ರು. ಬೀಗ ಒಡೆದು, ಮರಕ್ಕೆ ಕಟ್ಟಿದ್ದ ನನ್ನ ಕ್ಯಾಮೆರಾ ಕಿತ್ಕೊಂಡು ಹೋದ್ರು. ಶನಿವಾರ ನಾನು, ನನ್ನ ತಮ್ಮ ಬೇಟೆಗೆ ಬರ್ತಿದ್ದೀವಿ. ಇಡೀ ವರ್ಷ ಕಾದಿದ್ದೀವಿ. ಈಗ ಮನುಷ್ಯರ ವಾಸನೆ ಹತ್ತಿದ್ರೆ ದೊಡ್ಡ ಗಂಡು ಜಿಂಕೆ ಜಾಗ ಬಿಟ್ಟೇ ಹೋಗುತ್ತೆ.”

ನಾರ್ಬರ್ಟ್ ಫೋನು ಕಿತ್ತುಕೊಂಡ. “ಸರ್, ಹೊಡೆದವನು ನಾನು. ತಪ್ಪು ನಂದೇ. ಮಾಂಸ ಬೇಡ, ನೀವೇ ಇಟ್ಕೊಳ್ಳಿ. ಒಂದೇ ಒಂದು ನಿಮಿಷ ಒಳಗೆ ಬಿಡಿ. ಅದು ನರಳ್ತಾ ಇದೆ ಸರ್, ನಿಮ್ಗೆ ಕೈಮುಗಿದು ಕೇಳ್ತೀನಿ.”

ಆ ಗಂಟಲಿನಿಂದ ಅಂಥ ದನಿ ಹೊರಟಿದ್ದನ್ನು ಕ್ಲೆಮ್ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವನು ಮುಖ ತಿರುಗಿಸಿ ನಾಯಿಯ ಬೆನ್ನು ಸವರುತ್ತಾ ನಿಂತ. ಮರೀನೋ ಕ್ಷಮಿಸಿ ಅಂದು ಫೋನು ಇಟ್ಟ.

ಬೇಟೆಯ ಕಾನೂನು ನೋಡಿಕೊಳ್ಳುವ ಸರ್ಕಾರಿ ವಾರ್ಡನ್ನಿಗೆ ಹೇಳಿ ಕಳಿಸಿದರು. ಬಂದವಳು ಶಾನಾ ಎಂಬ ಹುಡುಗಿ, ಕೆಲಸಕ್ಕೆ ಹೊಸಬಳು. ಫ್ರೀಡಾಳನ್ನು ಬಲ್ಲವಳು. ಬೇಲಿಯಾಚೆ ನೋಡಿದಳು. ತಾನೂ ಮರೀನೋಗೆ ಫೋನು ಮಾಡಿದಳು. ಸ್ವಲ್ಪ ದೂರ ಹೋಗಿ ಬೆನ್ನು ಮಾಡಿ ಮಾತಾಡಿ ವಾಪಸು ಬಂದಳು.

“ಅವರು ಒಪ್ತಿಲ್ಲ ಕ್ಲೆಮ್. ಒಪ್ಪಿಸೋ ಅಧಿಕಾರ ನಂಗಿಲ್ಲ. ಜಾಗ ಅವರದು.”

“ನೀನಾದ್ರೂ ಹೋಗಿ ಅದಕ್ಕೊಂದು ಗುಂಡು ಹೊಡಿಯಮ್ಮ” ಅಂದ ನಾರ್ಬರ್ಟ್.

“ಕೇಳಿದೆ. ಅದೂ ಬೇಡ ಅಂದ್ರು. ಗುಂಡಿನ ಸದ್ದಿಗೆ ಕಾಡೆಲ್ಲ ಖಾಲಿ ಆಗುತ್ತೆ ಅಂತ. ಆಫೀಸಿಗೂ ಕೇಳಿ ನೋಡ್ದೆ, ಒಪ್ಪಿಗೆ ಇಲ್ಲದೆ ಕಾಲಿಡಬೇಡ ಅಂದ್ರು.” ಅವಳು ಟೋಪಿ ತೆಗೆದು ಮತ್ತೆ ಹಾಕಿಕೊಂಡಳು. “ನೀವಿಬ್ಬರೂ ಮನೆಗೆ ಹೋಗೋದು ಒಳ್ಳೇದು.”

ಅವಳು ಹೋದಳು. ಇವರು ಹೋಗಲಿಲ್ಲ.

ಜಿಂಕೆ ತಲೆ ಕೆಳಗಿಡುತ್ತಿತ್ತು. ಇನ್ನೇನು ಮುಗಿಯಿತು ಅನ್ನುವಾಗ ಮತ್ತೆ ಎತ್ತುತ್ತಿತ್ತು. ಬಾಯಿ ತೆರೆದು ಉಸಿರಾಡುತ್ತಿದ್ದದ್ದು ಕಾಣುತ್ತಿತ್ತು. ನಾರ್ಬರ್ಟ್ ಎದ್ದು ಗಾಡಿಯವರೆಗೆ ನಡೆದು ಹೋಗಿ ಬಿಲ್ಲು ತಂದ. ಬೇಲಿಯ ಮುಂದೆ ನಿಂತು ಹೆದೆ ಎಳೆಯಲು ನೋಡಿದ. ಭುಜ ಅರ್ಧಕ್ಕೇ ಸೋತಿತು. ಮತ್ತೊಮ್ಮೆ ಎಳೆದ, ಮತ್ತೆ ಸೋತ. ಆಮೇಲೆ ಬಿಲ್ಲನ್ನು ಕ್ಲೆಮ್ ಕಡೆ ಚಾಚಿದ.

“ನೀನು ಹೊಡಿ. ಇಲ್ಲಿಂದ್ಲೇ ಹೊಡಿ, ಯಾರೂ ಒಳಗೆ ಹೋಗೋದು ಬೇಡ.”

“ಬೇಲಿಯಾಚೆಗೆ ಬಾಣ ಬಿಡೋದೂ ತಪ್ಪೇ ಕಣೋ. ನಿಂಗೂ ಗೊತ್ತು.”

“ಯಾರು ನೋಡ್ತಾರೆ?”

ಕ್ಲೆಮ್ ಪೈನ್ ಮರದ ಕಡೆ ಬೆರಳು ತೋರಿಸಿದ. ಕಾಂಡಕ್ಕೆ ಬೆಲ್ಟಿನಿಂದ ಬಿಗಿದ ಸಣ್ಣ ಕ್ಯಾಮೆರಾ ಇವರ ಕಡೆಗೇ ಮುಖ ಮಾಡಿತ್ತು. “ಅದು ಇಲ್ಲದಿದ್ರೂ ನಾನು ಹೊಡೀತಿರ್ಲಿಲ್ಲ. ನಾನು ನಾಯಿ ಹಿಡ್ಕೊಂಡು ಹೋದ್ರೆ ಈ ಊರಲ್ಲಿ ಯಾರೂ ಬೇಡ ಅನ್ನಲ್ಲ, ನಾನು ಕೇಳದೆ ಒಳಗೆ ಕಾಲಿಡಲ್ಲ ಅಂತ ಗೊತ್ತು ಅವರಿಗೆ. ಇವತ್ತು ಒಂದು ಸಲ ತಪ್ಪಿದ್ರೆ ನಾಳೆ ಎಲ್ಲ ಗೇಟೂ ಮುಚ್ಚುತ್ತೆ. ಆಮೇಲೆ ಇಂಥವು ಎಷ್ಟು ಜಿಂಕೆ ಹೀಗೇ ಬಿದ್ದಿರ್ಬೇಕು?”

“ನಿಂಗೆ ನಿನ್ನ ನಾಯಿ ಹೆಸರೇ ದೊಡ್ಡದಾಯ್ತು” ಅಂದ ನಾರ್ಬರ್ಟ್.

ಕ್ಲೆಮ್ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಗೆಳೆಯನ ಮಾತಿನಲ್ಲೂ ಸುಳ್ಳಿರಲಿಲ್ಲ. ನಾರ್ಬರ್ಟ್ ತಂತಿಯ ಮೇಲೆ ಬೂಟು ಇಟ್ಟ. ತಂತಿ ಕಿರುಗುಟ್ಟಿತು. ಆ ಸದ್ದಿಗೆ ಜಿಂಕೆ ಬೆಚ್ಚಿ, ಮುಂಗಾಲಿನಲ್ಲಿ ಮೈಯನ್ನು ಎಳೆದುಕೊಂಡು ಒಂದು ಮಾರು ದೂರ ತೆವಳಿತು. ನಾರ್ಬರ್ಟ್ ಕಾಲು ತೆಗೆದು ಅಲ್ಲೇ ಕುಸಿದು ಕುಳಿತ. ಇಬ್ಬರೂ ಬೇಲಿಗೆ ಬೆನ್ನು ಕೊಡದೆ, ಮುಖ ಕೊಟ್ಟೇ ಕುಳಿತರು. ಫ್ರೀಡಾ ಒಂದಷ್ಟು ಹೊತ್ತು ಎಳೆದಾಡಿ, ಕೊನೆಗೆ ಕ್ಲೆಮ್‌ನ ಕೋಟಿನೊಳಗೆ ತೂರಿ ನಿದ್ದೆ ಹೋದಳು. ಹೊತ್ತು ಇಳಿಯುವಾಗ ಜಿಂಕೆಯ ತಲೆ ಕೆಳಗಾಯಿತು. ಮತ್ತೆ ಏಳಲಿಲ್ಲ. ಅದಾದ ಮೇಲೂ ಇಬ್ಬರು ಬಹಳ ಹೊತ್ತು ನೋಡುತ್ತಲೇ ಇದ್ದರು.

ರಾತ್ರಿ ಊಟ ಮಾಡುತ್ತಿದ್ದಾಗ ಮರೀನೋನ ಫೋನು ಬಂತು. ಕ್ಯಾಮೆರಾ ತೆಗೆದ ಚಿತ್ರಗಳೆಲ್ಲ ಅವನ ಮೊಬೈಲಿಗೆ ಹೋಗುತ್ತಿದ್ದವು. ಕೆಲಸ ಮುಗಿಸಿ ಈಗಷ್ಟೇ ನೋಡಿದ್ದ.

“ನೀವಿಬ್ಬರೂ ಇಡೀ ದಿನ ಅಲ್ಲೇ ಕೂತಿದ್ರಾ?” ಅಂದ. ಕ್ಲೆಮ್ ಹೌದು ಅಂದ. ಮರೀನೋ ಹೇಳಿದ: “ಬೆಳಿಗ್ಗೆ ಹೋಗಿ ತಗೊಳ್ಳಿ. ಗೇಟಿನ ಬೀಗದ ನಂಬರ್ ಹೇಳ್ತೀನಿ.”

“ಇನ್ನೇನು ಉಳಿದಿರುತ್ತೆ ಸರ್” ಅಂದ ಕ್ಲೆಮ್. ಆದರೂ ನಂಬರು ಕೇಳಿಕೊಂಡ. ಡಲೋರಿಸ್ ಅವನ ತಟ್ಟೆಯನ್ನು ಬಿಸಿ ಮಾಡಲು ಎತ್ತಿದಳು. ಅವನು ಬೇಡವೆಂದು ಕೈಯಾಡಿಸಿದ.

ಬೆಳಿಗ್ಗೆ ಇಬ್ಬರೂ ಫ್ರೀಡಾಳನ್ನು ಕರೆದುಕೊಂಡು ಹೋದರು. ರಾತ್ರಿ ನರಿ ಹಿಂಡು ಬಂದು ತಿಂದು ಹೋಗಿತ್ತು. ಪಕ್ಕೆಲುಬು, ಚರ್ಮ, ಒಂದು ಕಾಲು ಉಳಿದಿದ್ದವು. ಕ್ಲೆಮ್ ಹಗ್ಗ ಸಡಿಲ ಬಿಟ್ಟ. ಜಾಡು ಹಿಡಿದ ನಾಯಿಗೆ ಕೊನೆಯಲ್ಲಿ ಜಿಂಕೆ ಸಿಗಲೇಬೇಕು, ಇಲ್ಲದಿದ್ದರೆ ಅದರ ಉತ್ಸಾಹ ಮುರಿಯುತ್ತದೆ. ಫ್ರೀಡಾ ಚರ್ಮದ ಚೂರಿಗೆ ಬಾಯಿ ಹಾಕಿ ಕಿತ್ತು, ಕೊಡವಿ, ಬಾಲ ಅಲ್ಲಾಡಿಸುತ್ತಾ ಕ್ಲೆಮ್‌ನ ಮುಖ ನೋಡಿದಳು. ಶಹಭಾಸ್ ಅನ್ನಲೇಬೇಕಿತ್ತು. ಅವನು ಮೊಣಕಾಲೂರಿ, “ಜಾಣೆ, ನನ್ನ ಜಾಣೆ” ಅಂದ. ನಾರ್ಬರ್ಟ್ ಗೇಟಿನ ಹತ್ತಿರ ಬೆನ್ನು ಮಾಡಿ ನಿಂತಿದ್ದ.

ಪರವಾನಗಿಯ ಲೆಕ್ಕಕ್ಕೆ ಆ ವರ್ಷ ತಾನು ಹೊಡೆದ ಜಿಂಕೆ ಅದೇ ಎಂದು ನಾರ್ಬರ್ಟ್ ಸರ್ಕಾರಕ್ಕೆ ವರದಿ ಮಾಡಿದ. ಮತ್ತೆ ಕಾಡಿಗೆ ಹೋಗಲಿಲ್ಲ. ಅವನ ಬಿಲ್ಲು ಎಲ್ಲಿ ಹೋಯಿತೆಂದು ಕ್ಲೆಮ್ ಕೇಳಲಿಲ್ಲ. ಶುಕ್ರವಾರಗಳಂದು ಇಬ್ಬರೂ ಹೆಂಡಿರ ಜೊತೆ ಹೋಟೆಲಿನಲ್ಲಿ ಹುರಿದ ಮೀನು ತಿನ್ನುವುದು ತಪ್ಪಲಿಲ್ಲ. ಮಳೆ, ಆಲೂಗಡ್ಡೆ, ಮುಚ್ಚಿದ ಕೊಟ್ಟಿಗೆಗಳು, ಇವೇ ಮಾತು. ನಾರ್ಬರ್ಟ್ ಈಗ ಅವನನ್ನು ಹೀಯಾಳಿಸುತ್ತಿರಲಿಲ್ಲ. ಕ್ಲೆಮ್‌ಗೆ ಅದೇ ಹೆಚ್ಚು ಚುಚ್ಚುತ್ತಿತ್ತು.

ಮುಂದಿನ ವರ್ಷದಿಂದ ಕ್ಲೆಮ್ ಬೇಟೆಯ ಕಾಲಕ್ಕೆ ಮೊದಲೇ ಸುತ್ತಲಿನ ಜಮೀನಿನವರ ಬಾಗಿಲು ತಟ್ಟಿ ಒಪ್ಪಿಗೆ ಕೇಳತೊಡಗಿದ. ಹೆಚ್ಚಿನವರು ಕಾಫಿ ಕೊಟ್ಟು ಹೂಂ ಅಂದರು. ಷಿಕಾಗೋದಿಂದ ಬಂದು ತನ್ನ ಕಾಡಿನ ಮನೆಯಲ್ಲಿದ್ದ ಮರೀನೋನೂ ಬಾಗಿಲು ತೆರೆದು, ಕೂರಿಸಿ ಮಾತಾಡಿಸಿದ. ಕೊನೆಗೆ, “ಅಂಥದ್ದೇನಾದ್ರೂ ಆದಾಗ ಫೋನ್ ಮಾಡಿ, ನೋಡೋಣ” ಅಂದ.

ಆ ಶರತ್ಕಾಲದ ಮೊದಲ ಕರೆ ಬಂದ ದಿನ ಕ್ಲೆಮ್ ನಾರ್ಬರ್ಟ್‌ಗೆ ಫೋನು ಮಾಡಿದ.

“ಹೊಳೆ ಆಚೆ ಗಾಯ ಆದ ಜಿಂಕೆ ಒಂದು ತಪ್ಪಿಸಿಕೊಂಡಿದೆಯಂತೆ. ಬರ್ತೀಯೇನೋ? ಕಾಗದ ಸಿಕ್ಕಿಸೋಕೆ ಒಬ್ಬರು ಬೇಕು.”

“ಗೋದಾಮಲ್ಲಿ ಮೆಷಿನ್ ಬೆಲ್ಟ್ ಹರಿದುಹೋಗಿದೆ ಕಣೋ. ಇವತ್ತು ಆಗಲ್ಲ.”

ಅವನ ಹಿಂದೆ ಮನೆಯ ಟಿವಿಯಲ್ಲಿ ಫುಟ್‌ಬಾಲ್ ಆಟದ ಸದ್ದು ಕೇಳಿಸುತ್ತಿತ್ತು. ಸರಿ, ಇನ್ನೊಂದು ಸಲ ಬಾ ಅಂದು ಕ್ಲೆಮ್ ಫೋನು ಇಟ್ಟ. ಒಂದಷ್ಟು ಕಾಗದ ಹರಿದು ಜೇಬಿಗೆ ತುಂಬಿಕೊಂಡು, ನಾಯಿಯನ್ನು ಗಾಡಿಗೆ ಹತ್ತಿಸಿದ.