ನೀರು ಕುಡಿಯದ ಡ್ರೈವರ್

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಒಳಕೋಣೆಯಲ್ಲಿ ಅಪ್ಪನ ಮಂಚ, ನಡುವೆ ಸದಾ ತೆರೆದ ಬಾಗಿಲು. ಅಪ್ಪ ಕೆಮ್ಮಿದರೆ ಯಂತ್ರ ನಿಲ್ಲುತ್ತಿತ್ತು. ಬಟ್ಟೆ ಕೇಳಲು ಬಂದವರಿಗೆ ನಾಳೆ ಬನ್ನಿ, ನಾಳೆ ಬನ್ನಿ ಎಂದು ಹೇಳಿ ಹೇಳಿ ಅವಳಿಗೇ ನಾಚಿಕೆಯಾಗತೊಡಗಿತ್ತು.

ಪಾರ್ಶ್ವವಾಯು ಬಡಿದು ಅಪ್ಪನ ಎಡಗೈ ಎಡಗಾಲು ಬಿದ್ದುಹೋದ ಮೇಲೆ ಎತ್ತುವುದು, ಕೂರಿಸುವುದು, ಬಚ್ಚಲಿಗೆ ಕರೆದೊಯ್ಯುವುದು ಎಲ್ಲ ಅವಳದೇ. ಬೇರೆ ಊರಿನಲ್ಲಿದ್ದ ಅಕ್ಕ, ನೋಡಿಕೊಳ್ಳಲು ಒಬ್ಬರನ್ನು ಇಟ್ಟುಕೋ ಎಂದು ಫೋನಿನಲ್ಲಿ ಬಡಿದುಕೊಳ್ಳುತ್ತಿದ್ದಳು. ಫೋನಿನಲ್ಲಿ ಅಪ್ಪನನ್ನು ನೋಡಿಕೊಳ್ಳುವುದು ಸುಲಭ, ಬೆನ್ನು ನೋಯುವುದಿಲ್ಲ ಎಂದು ಇವಳು ಚುಚ್ಚುತ್ತಿದ್ದಳು. ತಾನಿರುವಾಗ ಅಪ್ಪನ ಮೈ ತೊಳೆಯಲು ಯಾರೋ ಗುರುತು ಪರಿಚಯವಿಲ್ಲದವರು ಬರಬೇಕೇ? ಹಟ ಎಂದರೆ ಹಟ.

ಅಪ್ಪ ಮಗಳ ನಡುವೆ ಇದ್ದ ಜಗಳ ಒಂದೇ, ನೀರಿನದು. ಮೂತ್ರದ ಸೋಂಕಿನಿಂದ ಜ್ವರ ಏರಿ ಅಪ್ಪ ಆಗಲೇ ಎರಡು ಸಲ ಆಸ್ಪತ್ರೆ ಸೇರಿದ್ದ. ಹೀಗೇ ನೀರು ಕುಡಿಯದಿದ್ದರೆ ಮುಂದಿನ ಸಲ ಮನೆಗೆ ಮರಳುತ್ತಾರೋ ಇಲ್ಲವೋ ಹೇಳಲಾರೆ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಅವಳು ಬೇಡಿದಳು, ಗದರಿಸಿದಳು, ನಿಂಬೆ ಹಿಂಡಿ ನೋಡಿದಳು, ಸಕ್ಕರೆ ಹಾಕಿ ನೋಡಿದಳು. ಅಪ್ಪ ಎರಡು ಗುಟುಕಿಗೆ ತುಟಿ ಬಿಗಿದುಕೊಳ್ಳುತ್ತಿದ್ದ. ಜೀವಮಾನವೆಲ್ಲ ಬಸ್ಸು ಓಡಿಸಿದ ಮನುಷ್ಯ. ಎಲ್ಲೆಂದರಲ್ಲಿ ಇಳಿಯುವ ಹಾಗಿಲ್ಲವೆಂದು ಬಾಯಾರಿಕೆ ನುಂಗಿಕೊಂಡೇ ದುಡಿದವನು. ಡ್ರೈವರ್ ಬುದ್ಧಿ ಎಲ್ಲಿ ಬಿಟ್ಟೀತು ಎಂದು ಬೈದು ಅವಳು ಯಂತ್ರದ ಮುಂದೆ ಕೂತು ಅಳುತ್ತಿದ್ದಳು. ಅಳುವುದಕ್ಕೂ ಪುರುಸೊತ್ತು ಬೇಕಲ್ಲ, ಹೊಲಿಯುತ್ತಲೇ ಅಳುತ್ತಿದ್ದಳು.

ಕೊನೆಗೆ ಸೊಂಟವೇ ತೀರ್ಮಾನ ಮಾಡಿತು. ಒಂದು ಬೆಳಿಗ್ಗೆ ಅಪ್ಪನನ್ನು ಎತ್ತಲು ಬಗ್ಗಿದವಳು ಬಗ್ಗಿದ ಹಾಗೇ ಉಳಿದಳು. ಮಂಚದ ಮೇಲೆ ಅರ್ಧ ಎದ್ದ ಅಪ್ಪ, ನೆಲದ ಮೇಲೆ ಅರ್ಧ ಕೂತ ಮಗಳು, ಇಬ್ಬರೂ ಸೇರಿ ಪಕ್ಕದ ಮನೆಯವಳನ್ನು ಕೂಗಿದರು. ಅವತ್ತೇ ಅವಳು ಅಕ್ಕನಿಗೆ ಫೋನ್ ಮಾಡಿ ಒಪ್ಪಿಕೊಂಡಳು. ಆದರೆ ಸೊಂಟ ನೆಟ್ಟಗಾಗುವವರೆಗೆ ಮಾತ್ರ, ಅದೂ ಹಗಲು ಹೊತ್ತು ಮಾತ್ರ.

ಬಂದವನಿಗೆ ದಪ್ಪ ಮೀಸೆ, ಮಾತು ಕಡಿಮೆ. ಮೊದಲ ದಿನ ಅವಳು ಬಾಗಿಲಲ್ಲೇ ನಿಂತು, ಅತ್ತೆ ಹೊಸ ಸೊಸೆಯನ್ನು ನೋಡುವ ಹಾಗೆ ಅವನ ಕೆಲಸ ನೋಡಿದಳು. ಒಂದೂ ಹುಳುಕು ಸಿಗಲಿಲ್ಲ. ಅದಕ್ಕೂ ಸಿಟ್ಟು ಬಂತು. ಮಧ್ಯಾಹ್ನ ಯಂತ್ರದ ಮುಂದೆ ಕೂತಿದ್ದಾಗ ಒಳಗೆ ಅಪ್ಪ ನೀರು ಕೇಳುವುದು ಕಿವಿಗೆ ಬಿತ್ತು. ಸೊಂಟ ಹಿಡಿದುಕೊಂಡು ಎದ್ದು ಹೋದರೆ, ಅಪ್ಪ ಗಟಗಟ ಕುಡಿಯುತ್ತಿದ್ದ. ಗದ್ದದಿಂದ ನೀರು ಇಳಿಯುತ್ತಿತ್ತು. ಬೆಳಿಗ್ಗೆಯಿಂದ ಕೇಳಿ ಕೇಳಿ ಕುಡಿದಿದ್ದಾರೆ, ಬಚ್ಚಲಿಗೂ ಹಾಗೇ ಹೋಗಿಬಂದಿದ್ದಾರೆ ಎಂದು ಮೀಸೆಯವನು ಹೇಳಿದ.

ಅವಳಿಗೆ ಮೈ ಉರಿದುಹೋಯಿತು. ಅವನು ಬಟ್ಟೆ ಒಗೆಯಲು ಆಚೆ ಹೋದದ್ದೇ ತಡ, ಅಪ್ಪನ ಮುಂದೆ ನಿಂತಳು.

"ನಾನು ಕಾಲು ಹಿಡಿದು ಕೇಳಿದ್ರೂ ಕುಡೀಲಿಲ್ಲ. ಅವನು ಕೊಟ್ರೆ ಮಾತ್ರ ಗಂಟಲಲ್ಲಿ ಇಳಿಯುತ್ತಾ?"

ಅಪ್ಪ ಹೊದಿಕೆಯ ಅಂಚಿನಿಂದ ಗದ್ದ ಒರೆಸಿಕೊಂಡ. "ಕುಡಿದ್ರೆ ನೀನು ಎತ್ತಬೇಕಲ್ಲಮ್ಮಾ. ಎತ್ತುವಾಗ ನೀನು ಹಲ್ಲು ಕಚ್ಚೋದು ನನಗೆ ಕೇಳಿಸ್ತಿತ್ತು."

"ಬಾಯಾರ್ತಿರಲಿಲ್ವಾ ನಿನಗೆ?"

"ಆರ್ತಿತ್ತು," ಎಂದ ಅಪ್ಪ.

ಅವಳು ಮಂಚದ ತುದಿಯಲ್ಲಿ ಕುಸಿದಳು. ಅಪ್ಪನನ್ನು ಯಾರ ಕೈಗೂ ಕೊಡದೆ ನೋಡಿಕೊಂಡೆ ಎಂಬ ಹೆಮ್ಮೆಯೊಂದೇ ಇಷ್ಟು ದಿನ ಅವಳನ್ನು ಎಬ್ಬಿಸಿ ಓಡಾಡಿಸಿತ್ತು. ಅದೂ ಹೋಯಿತು. ನಾಚಿಕೆಯಾಯಿತು, ಅಪ್ಪನ ಮೇಲೆ ಕೋಪವೂ ಬಂತು, ಎರಡಕ್ಕಿಂತ ಹೆಚ್ಚಾಗಿ ಸುಸ್ತಾಗಿತ್ತು. ಜಗಳವಾಡಲು ಕೂಡ ಮೈಯಲ್ಲಿ ಏನೂ ಉಳಿದಿರಲಿಲ್ಲ.

ಗೋಡೆ ಹಿಡಿದುಕೊಂಡು ಆಚೆ ಹೋದಳು. ಮೀಸೆಯವನು ಹಾಸಿಗೆಯ ಬಟ್ಟೆ ಹಿಂಡುತ್ತಿದ್ದ. ಸೊಂಟ ಹೇಗಿದೆ ಎಂದು ವಿಚಾರಿಸಿದ. ಕೆಲಸ ಇನ್ನೆಷ್ಟು ದಿನ ಎಂಬುದು ಅವನಿಗೂ ತಿಳಿಯಬೇಕಿತ್ತು.

"ಸೊಂಟದ ಮಾತು ಬಿಡಪ್ಪ," ಎಂದಳು. "ರಾತ್ರಿಗೂ ಒಬ್ಬರು ಸಿಗ್ತಾರಾ ನೋಡು. ಅಪ್ಪಂಗೆ ರಾತ್ರೀನೂ ಬಾಯಾರುತ್ತೆ."