ಗಿರಣಿ ಚಾಚಿ ಮತ್ತು ಡರಪೋಕ್ ಸಾಹೇಬ

ಗಿರಣಿ ಚಾಚಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಮಸ್ಕಿಯಲ್ಲಿ ನಮ್ಮ ಬಾಡಿಗೆ ಮನೆಗೆ ಅಂಟಿಕೊಂಡೇ ಅವರ ಹಿಟ್ಟಿನ ಗಿರಣಿ ಇತ್ತು. ಗಂಡ ತೀರಿದ ಮೇಲೆ ಒಬ್ಬರೇ ಅದನ್ನು ನಡೆಸುತ್ತ, ಬೆಳಗಿನಿಂದ ಸಂಜೆತನಕ ಆ ಸದ್ದಿನ ಮೇಲೆ ಕೂಗಿ ಕೂಗಿ, ಗಿರಣಿ ನಿಂತಾಗಲೂ ಅವರ ದನಿ ಇಳಿಯುತ್ತಿರಲಿಲ್ಲ. ‘ಚಾ ಕುಡದೇನು?’ ಎಂದು ಕೇಳಿದರೂ ಜಗಳ ಹತ್ತಿತೇನೋ ಎಂದು ಓಣಿಯವರು ಹೊರಗೆ ಬಂದು ನೋಡಬೇಕು. ಹೆಸರು ಮಾಲನ್‌ಬೀ. ಆ ಹೆಸರಿನಿಂದ ಕರೆದವರನ್ನು ನಾನಂತೂ ಕಾಣೆ. ಹಿಂದೂ, ಮುಸಲ್ಮಾನ ಎನ್ನದೆ ಇಡೀ ಓಣಿಗೆ ಅವರು ಗಿರಣಿ ಚಾಚಿ. ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಸದಾ ಹಿಟ್ಟು. ಐದು ಹೊತ್ತಿನ ನಮಾಜು ತಪ್ಪಿಸಿದವರಲ್ಲ. ಬೈಗಳನ್ನೂ ತಪ್ಪಿಸಿದವರಲ್ಲ.

ಇಂಥವರ ಪಕ್ಕದ ಮನೆಗೆ ನಾನು ಸದ್ದಿಗೆ ಹೆದರುವ ನಾಯಿಮರಿಯನ್ನು ತಂದೆ. ನನ್ನಷ್ಟು ಜಾಣೆ ಇನ್ನೊಬ್ಬಳಿದ್ದರೆ ತೋರಿಸಿ!

ಅದು ಗೊರೇಬಾಳದಲ್ಲಿ ನಮ್ಮಕ್ಕನ ನೆಲ್ಲಿನ ಗದ್ದೆಯಲ್ಲಿ ಸಿಕ್ಕ ಮರಿ. ಕೊಯ್ಯುವ ಮಷೀನು ಗದ್ದೆಯ ಮೂಲೆಗೆ ತಿರುಗಿದಾಗ ಅಲ್ಲಿ ಮರಿ ಹಾಕಿದ್ದ ನಾಯಿ ಹೌಹಾರಿ ಓಡಿಹೋಯಿತು. ಮರಿಗಳಿಗೆ ತಾಯಿಯಷ್ಟು ಜೋರು ಓಡಲು ಬರುತ್ತಿರಲಿಲ್ಲ. ಬದುವಿನ ಹುಲ್ಲಿನೊಳಗೆ ಹೊರಳಿಬಿದ್ದದ್ದು ಒಂದೇ ಉಳಿಯಿತು, ಕರಿಯದು, ಅಂಗೈ ಎರಡು ಕೂಡಿಸಿದರೆ ತುಂಬುವಷ್ಟು. ತಾಯಿ ಮರಳಿ ಬರಲಿಲ್ಲ. ನಾನು ಅದನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಮಸ್ಕಿ ಬರುವತನಕ ಚೀಲ ನಡುಗುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಚಾಚಿ ಗಿರಣಿಯ ಬಟನ್ ಒತ್ತಿದರು. ಪಟ್ಟಾ ತಿರುಗಿತು, ನಮ್ಮ ನಡುಗೋಡೆ ಗುಂಯ್ ಎಂದಿತು. ಮರಿ ಅಲ್ಲೇ ಉಚ್ಚೆ ಹೊಯ್ದುಕೊಂಡು, ಹೊಸ್ತಿಲು ಹಾರಿ, ನೇರ ರಸ್ತೆಗೆ ಓಡಿತು. ನಮ್ಮ ಬಾಗಿಲಿಗೇ ಲಿಂಗಸುಗೂರು ರಸ್ತೆ. ಸುಗ್ಗಿಯಲ್ಲಿ ಸಿಂಧನೂರು ಕಡೆಯಿಂದ ಬರುವ ನೆಲ್ಲಿನ ಲಾರಿಗಳಿಗೆ ಹಗಲೂ ಇಲ್ಲ, ಇರುಳೂ ಇಲ್ಲ. ಬೆನ್ನು ಹತ್ತಿ ಹಿಡಿದು ಎದೆಗೆ ಅವಚಿಕೊಂಡರೆ ಹೆಬ್ಬೆರಳು ಕಚ್ಚಿತು. ಸರ್ಕಾರಿ ದವಾಖಾನೆಯಲ್ಲಿ ಸೂಜಿ ಮಾಡಿಸಿಕೊಂಡು ಬಂದರೆ ನಮ್ಮ ಮನೆಯವರು ಮುಖ ಗಂಟಿಕ್ಕಿಕೊಂಡು ಕೂತಿದ್ದರು.

“ಇನ್ನೊಂದ್ ಸಲ ಇದು ರಸ್ತಾಕ್ಕ ಓಡಿತು ಅಂದ್ರ ಮುಗೀತು ನೋಡು. ಎಲ್ಲಿಂದ ತಂದೀಯೋ ಅಲ್ಲೇ ಬಿಟ್ಟು ಬರೋದು,” ಎಂದರು.

ಅಲ್ಲಿ ಬಿಟ್ಟರೆ ಅದು ಬದುಕುವುದಿಲ್ಲ, ಇಲ್ಲಿಟ್ಟುಕೊಂಡರೆ ಗಿರಣಿ. ಕೈ ಮುಗಿಯುತ್ತಾ ಚಾಚಿಯ ಬಳಿ ಹೋದೆ.

“ಚಾಚಿ, ಚಾಲೂ ಮಾಡೂಕಿಂತ ಮೊದಲ ಒಂದ್ ಮಾತು ಹೇಳ್ರಿ. ಬಾಗಿಲಾರ ಹಾಕ್ಕೊಂತೀನಿ.”

“ಅಯ್ಯ ನಿನ್ನ! ನಾಯಿಗೆ ಕೇಳಿ ನಾ ಗಿರಣಿ ನಡಸ್ಲೇನು? ನನ್ನ ಹೊಟ್ಟಿ ನಡಿಯೋದು ಇದರ ಮ್ಯಾಲ, ಸುಮ್ಮಿ. ಮತ್ತ ಅದು ನನ್ನ ಹೊಸ್ತಿಲ ದಾಟಬಾರದು ನೋಡು. ಅದರ ಜೊಲ್ಲು ಅರಿಬಿಗೆ ಹತ್ತಿತಂದ್ರ ನಮಾಜು ನಡಿಯಂಗಿಲ್ಲ.”

ಬೈದರು ನಿಜ. ಆದರೆ ಮರುದಿನ ಗಿರಣಿಯೊಳಗಿಂದ ಓಣಿಗೆಲ್ಲ ಕೇಳುವಂತೆ ಕೂಗು ಬಂತು: “ಚಾಲೂ ಮಾಡಾಕತ್ತೀನೋ ಡರಪೋಕ್ ಸಾಹೇಬಾ! ಹೋಗಿ ಅಡಗಿ ಕೂಡ್ರು!” ಸಾಲಿನಲ್ಲಿ ಡಬ್ಬಿ ಇಟ್ಟುಕೊಂಡು ನಿಂತ ಗಿರಾಕಿಗಳೆಲ್ಲ ನಕ್ಕರು. ನನಗೆ ಅವಮಾನವಾಯಿತು. ಅವರ ಭಾಷೆಯಲ್ಲಿ ಡರಪೋಕ್ ಎಂದರೆ ಪುಕ್ಕಲ. ನಾನು ಅದಕ್ಕೆ ಮುತ್ತು ಎಂದು ಹೆಸರಿಟ್ಟಿದ್ದೆ. ಆ ಹೆಸರು ನನ್ನ ಬಾಯಲ್ಲೇ ಉಳಿಯಿತು.

ಚಾಚಿ ಕೂಗುತ್ತಿದ್ದದ್ದು ಚೇಷ್ಟೆಗೆ. ನಾಯಿಮರಿಗೆ ಚೇಷ್ಟೆ ಏನು ತಿಳಿಯಬೇಕು? ಕೂಗು ಬಂತೆಂದರೆ ಸದ್ದು ಬರುತ್ತದೆ, ಕೂಗಿಲ್ಲದಿದ್ದರೆ ಇಲ್ಲ ಎಂಬಷ್ಟನ್ನು ಅದು ಹಿಡಿದುಕೊಂಡಿತು. ಕೂಗು ಕೇಳಿದ್ದೇ ಮಂಚದ ಕೆಳಗೆ ಹೋಗಿ, ಮೈ ಮುದುರಿಕೊಂಡು, ಸದ್ದಿಗಾಗಿ ಕಾಯುತ್ತಿತ್ತು. ನಡುಗುತ್ತಿತ್ತು, ಆದರೆ ಓಡುತ್ತಿರಲಿಲ್ಲ. ನಿಲ್ಲಿಸುವಾಗಲೂ ಚಾಚಿ ಬಿಡುತ್ತಿರಲಿಲ್ಲ: “ಬಂದ್ ಆತೋ ಸಾಹೇಬಾ, ಹೊರಗ ಬಾ!” ಕೆಲ ದಿನಗಳಲ್ಲಿ ಅದು ಆ ಮಾತಿಗೆ ನಿಜವಾಗಿಯೂ ಹೊರಗೆ ಬರತೊಡಗಿತು. ಆದರೂ ನನ್ನ ಎದೆಯ ಡವಡವ ನಿಲ್ಲಲಿಲ್ಲ. ಚಾಚಿ ಒಂದು ದಿನ ಕೂಗಲು ಮರೆತರೆ? ಹಾಲು ಕಾಯಿಸುವಾಗಲೂ ನನ್ನ ಒಂದು ಕಿವಿ ಗೋಡೆಯ ಕಡೆಗೇ.

ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಚಾಚಿ ಹೊಸ್ತಿಲಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು. ನೆಲದ ಮೇಲೆ ಬಿದ್ದ ಹಿಟ್ಟನ್ನು ಬೆರಳಲ್ಲಿ ಬಾಚಿ ಬಾಗಿಲಿಗೆ ಅಡ್ಡ ಒಂದು ಗೆರೆ ಎಳೆದಿದ್ದರು. ಗೆರೆಯ ಈಚೆ ನಾಯಿ, ಆಚೆ ಚಾಚಿ, ಅದು ಕಾನೂನು. ಮರಿ ದೂರದಲ್ಲಿ ಕೂತು ನೋಡುವುದು, ಮರುದಿನ ಒಂದು ಮೊಳ ಮುಂದೆ ಬರುವುದು. ಚಾಚಿ ಅದರತ್ತ ಕಣ್ಣೆತ್ತಿ ನೋಡುತ್ತಿರಲಿಲ್ಲ, ಕರೆಯುತ್ತಿರಲಿಲ್ಲ, ಕೈ ನೀಡುತ್ತಿರಲಿಲ್ಲ; ಎಲ್ಲಿ ಮೈಗೆ ತಾಗೀತೋ ಎಂಬ ಅಂಜಿಕೆ ಅವರಿಗೆ. ಕೊನೆಗೆ ಅದು ಗೆರೆಗೆ ಮೂಗು ಹಚ್ಚಿ ಮಲಗತೊಡಗಿತು. ಬೇರೆ ಬೇರೆ ಹಿಟ್ಟು ಕೂಡಿ ಯಾರಿಗೂ ಬೇಡವಾದದ್ದರಲ್ಲಿ ದಪ್ಪ ರೊಟ್ಟಿ ತಟ್ಟಿ, ಮುರಿದು, ಗೆರೆಯಾಚೆಯಿಂದಲೇ ಎಸೆಯುತ್ತಿದ್ದರು. “ತಿನ್ನು, ಧಡ್ಡ. ನಿನ್ನ ಸಲುವಾಗಿ ಹಂಚು ಎರಡು ಸಲ ಕಾಸೀನಿ.”

ನನಗೆ ಹೊಟ್ಟೆಕಿಚ್ಚು. ಸಾಕುವವಳು ನಾನು, ಹಾಲು ಹಾಕುವವಳು ನಾನು, ಕಚ್ಚಿಸಿಕೊಂಡವಳೂ ನಾನೇ. ನಾನು ‘ಬಾ ಕಂದಾ’ ಎಂದು ಕೈ ಚಾಚಿದರೆ ಅದು ಗೋಡೆ ಸೇರುತ್ತಿತ್ತು.

“ಏ ಸುಮ್ಮಿ, ಅದು ಮನಿಗೆ ಬಂದ ಹೊಸಾ ಸೊಸಿ ಇದ್ದಂಗ. ನೀ ಬರೇ ಮುಟ್ಟಿ ಮುಟ್ಟಿ ನೋಡ್ತಿ. ಯಾರಿಗಾರ ಸಿಟ್ಟು ಬರತೈತಿ,” ಎಂದು ಚಾಚಿ ನಗುತ್ತಿದ್ದರು. ನಾನೂ ಹಟಕ್ಕೆ ಬಿದ್ದು ಕೈ ಕಟ್ಟಿ ಕೂತೆ. ಒಂದು ಸಂಜೆ ನಾನು ಬೆಳ್ಳುಳ್ಳಿ ಸುಲಿಯುತ್ತಿದ್ದಾಗ ಅದು ತಾನಾಗಿ ಬಂದು ನನ್ನ ಹಿಮ್ಮಡಿಗೆ ಒರಗಿತು. ಉಸಿರು ಬಿಗಿಹಿಡಿದು ಕೂತಿದ್ದೆ. ಕಾಲು ಜೋಮು ಹಿಡಿಯಿತು, ಅಲುಗಲಿಲ್ಲ.

ನಾನು ಹೆದರಿದ್ದ ದಿನವೂ ಬಂತು. ಚಾಚಿ ಇಳಿಹೊತ್ತಿನ ಅಸರ್ ನಮಾಜಿಗೆಂದು ಹಿತ್ತಲಲ್ಲಿ ವಜೂ ಮಾಡುತ್ತಿದ್ದರು, ಕೈಕಾಲು ಮುಖಕ್ಕೆ ನೀರು ಹಾಕಿಕೊಳ್ಳುತ್ತ. ಬಸ್ಸಿನ ಅವಸರದ ಗಿರಾಕಿಯೊಬ್ಬ ಡಬ್ಬಿ ತಾನೇ ಸುರಿದು ಬಟನ್ ಒತ್ತಿಬಿಟ್ಟ. ಕೂಗಿಲ್ಲ, ಏನಿಲ್ಲ. ಗೆರೆಯ ಮೇಲೆ ಮಲಗಿದ್ದ ಮರಿಯ ಕಿವಿಯ ಹತ್ತಿರವೇ ಪಟ್ಟಾ ಬಡಿಯಿತು. ಅದು ಕಿರುಚಿ ರಸ್ತೆಗೆ ಹಾರಿ ನಟ್ಟನಡುವೆ ಕಾಲು ಕಟ್ಟಿದಂತೆ ನಿಂತಿತು. ಸಿಂಧನೂರು ಕಡೆಯಿಂದ ಲಾರಿ ಬರುತ್ತಿತ್ತು.

ನಾನು ಎರಡೂ ಕೈ ಚಾಚಿ ಓಡಿದೆ. ಅದು ನನ್ನನ್ನು ಕಂಡು ಲಾರಿಯ ಕಡೆಗೇ ಹಿಂದೆ ಸರಿಯಿತು.

“ನಿಂದ್ರು ಸುಮ್ಮಿ! ಅಲ್ಲೇ ನಿಂದ್ರು! ನೀ ಹಿಡಿಯಾಕ ಹೋದ್ರ ಅದು ಗಾಲಿ ಕೆಳಗ ಹೋಗತೈತಿ!”

ಚಾಚಿ ಹಸಿಗಾಲಲ್ಲೇ ಓಡಿಬಂದಿದ್ದರು. ನನ್ನನ್ನು ದಾಟಿ, ಮರಿಯನ್ನೂ ದಾಟಿ, ಲಾರಿಗೆ ಎದುರಾಗಿ ಕೈಯೆತ್ತಿ ನಿಂತರು. “ಏ ಡ್ರೈವರಾ! ಹಾಕೋ ಬ್ರೇಕು! ಕಣ್ಣು ಎಲ್ಲಿಟ್ಟೀಯಲೇ!” ಆ ಗಂಟಲು ಇಂಜಿನ್ನಿನ ಸದ್ದನ್ನು ಸೀಳಿಕೊಂಡು ಹೋಗಿರಬೇಕು. ಲಾರಿ ಕಿರ್ರೆಂದು ಅವರ ಮುಂದೆ ಬಂದು ನಿಂತಿತು. ಹಿಂದೆ ಸಾಲುಸಾಲು ಹಾರ್ನ್. ಚಾಚಿ ಮರಿಗೆ ಬೆನ್ನು ಹಾಕಿಯೇ ರಸ್ತೆಯಲ್ಲಿ ಕುಕ್ಕುರುಗಾಲಲ್ಲಿ ಕೂತರು. “ಬಂದ್ ಆತೋ ಸಾಹೇಬಾ,” ಎಂದರು. “ಬಂದ್ ಆತು, ಬಾ.”

ಗಿರಣಿ ಇನ್ನೂ ಬಡಿಯುತ್ತಲೇ ಇತ್ತು. ಆದರೂ ಅದು ಹೊಟ್ಟೆ ಎಳೆಯುತ್ತ ಬಂದು ಅವರ ಸೆರಗಿನೊಳಗೆ ಮುಖ ತೂರಿಸಿತು. ಚಾಚಿ ಅದನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿಕೊಂಡರು. ಅದು ಅವರ ಗಲ್ಲ ನೆಕ್ಕಿತು, ಕುತ್ತಿಗೆ ನೆಕ್ಕಿತು.

ಆಮೇಲೆ ಆ ಗಿರಾಕಿಗೆ ಬಿದ್ದ ಬೈಗಳನ್ನು ಬರೆಯುವಂತಿಲ್ಲ. ಚಾಚಿ ಮೈತೊಳೆದು ಸೀರೆ ಬದಲಿಸುವಷ್ಟರಲ್ಲಿ ಹೊತ್ತು ಮುಳುಗಿತು. ನಾನು ಚಹಾ ಒಯ್ದು, “ನಮಾಜು ತಪ್ಪಿತಲ್ಲ ಚಾಚಿ, ನನ್ನ ನಾಯಿ ಸಲುವಾಗಿ,” ಎಂದೆ.

“ತಪ್ಪಿದ್ದನ್ನ ಆಮ್ಯಾಲ ಕಜಾ ಅಂತ ಮಾಡಿ ತೀರಸ್ತೀನಿ ಬಿಡು. ಆ ಹೊತ್ತಿನ್ಯಾಗ ನಾ ಎಲ್ಲಿದ್ದೆ ಅಂತ ಅಲ್ಲಾಗ ಗೊತ್ತಿಲ್ಲೇನು?” ಎಂದರು. ನಮ್ಮ ಮನೆಯವರು ಎಲ್ಲವನ್ನೂ ಬಾಗಿಲಲ್ಲಿ ನಿಂತು ನೋಡಿದ್ದರು. ಗೊರೇಬಾಳಕ್ಕೆ ಬಿಟ್ಟು ಬರುವ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ.

ಮುಂದಿನ ವರ್ಷ ರಸ್ತೆ ಅಗಲ ಮಾಡುವಾಗ ಗಿರಣಿಯ ಮುಂಭಾಗ ಒಡೆಯಬೇಕಾಯಿತು. ಚಾಚಿಗೆ ಆಗಲೇ ಹಿಟ್ಟಿನ ಧೂಳಿಗೆ ಕೆಮ್ಮು ಹತ್ತಿತ್ತು. ಲಿಂಗಸುಗೂರಿಗೆ ಕೊಟ್ಟಿದ್ದ ಅವರ ಮಗಳು ತನ್ನ ಮನೆಗೆ ಬಾ ಎಂದು ಹಟ ಹಿಡಿದಳು. ಸಾಮಾನು ಗಾಡಿ ಬಂದು ನಿಂತಿತು, ಇಂಜಿನ್ ಚಾಲೂ ಇತ್ತು. ನೋಡುತ್ತಿದ್ದಂತೆ ನಾಯಿ, ಈಗ ಮೊಣಕಾಲೆತ್ತರ ಬೆಳೆದದ್ದು, ಛಂಗನೆ ಗಾಡಿಗೆ ಹಾರಿ ಹಾಸಿಗೆ ಸುರುಳಿಯ ಮೇಲೆ ಕೂತುಬಿಟ್ಟಿತು. ಇಂಜಿನ್ ಅದರ ಮೈಯನ್ನೆಲ್ಲ ಅಲುಗಿಸುತ್ತಿತ್ತು. ಅದಕ್ಕೆ ಪರಿವೆಯೇ ಇಲ್ಲ.

“ಒಯ್ರಿ ಚಾಚಿ,” ಎಂದೆ.

“ಹುಚ್ಚಿ. ಮಗಳ ಮನಿ ಮಾಳಿಗಿ ಮ್ಯಾಲಿನ ಎರಡು ಖೋಲಿ. ಅಲ್ಲಿ ಕಟ್ಟಿಹಾಕಿದ್ರ ಇದು ಮತ್ತ ಮೊದಲಿನಂಗ ಆಗತೈತಿ. ಇಳಸಿಕೋ.” ಅವರು ಬೇರೆ ಕಡೆ ಮುಖ ತಿರುಗಿಸಿದರು. ನಾನು ಅವರ ಮುಖ ನೋಡಿದ್ದು ಅದೇ ಕೊನೆ. ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ಲಿಂಗಸುಗೂರಿನಲ್ಲೇ ತೀರಿಕೊಂಡರು.

ಅಂದು ನಾಯಿಯನ್ನು ಇಳಿಸಿಕೊಂಡೆ. ಗಾಡಿ ಹೊರಟಿದ್ದೇ ಅದು ಕೊಸರಿಕೊಂಡು ಬೆನ್ನು ಹತ್ತಿತು. ಹಳ್ಳದ ಸೇತುವೆತನಕ ಓಡಿದೆ, ಕಾಣಲಿಲ್ಲ. ನಮ್ಮ ಮನೆಯವರು ಬೈಕಿನಲ್ಲಿ ದೂರದವರೆಗೆ ಹುಡುಕಿ ಬರಿಗೈಯಲ್ಲಿ ಬಂದರು. ನಾನು ಹೊಸ್ತಿಲಲ್ಲಿ ಕೂತೆ. ಒಂದೊಂದು ಲಾರಿ ಬ್ರೇಕ್ ಹಾಕಿದಾಗಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಒಲೆ ಹಚ್ಚಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ರಸ್ತೆಯ ಅಂಚಿನಲ್ಲಿ ಕರಿಯದೊಂದು ಕಾಣಿಸಿತು. ಲಾರಿ ಹಾರ್ನ್ ಹೊಡೆದರೆ ಪಕ್ಕಕ್ಕೆ ಸರಿದು, ಅದು ಹೋಗುವತನಕ ನಿಂತು, ಮತ್ತೆ ನಡೆಯುತ್ತಿತ್ತು. ನಾನು ಏಳಲಿಲ್ಲ, ಕರೆಯಲಿಲ್ಲ. ಅದು ನೆಟ್ಟಗೆ ಬಂದು ನನ್ನ ಮಡಿಲಲ್ಲಿ ತಲೆಯಿಟ್ಟಿತು. ಬಿಕ್ಕಿ ಬಿಕ್ಕಿ ಅತ್ತೆ.

ಆಗಲೇ ಚಾಚಿಗೆ ಫೋನು ಹಚ್ಚಿದೆ; ನಾಯಿ ಕಾಣದ್ದನ್ನು ಮೊದಲೇ ತಿಳಿಸಿದ್ದೆ. ಒಂದು ರಿಂಗೂ ಮುಗಿದಿರಲಿಲ್ಲ.

“ಬಂತೇನು?”

“ಬಂತು ಚಾಚಿ.”

“ಕಾಲಿಗೆ ಗೀಲಿಗೆ ಪೆಟ್ಟು?”

“ಏನಿಲ್ರಿ. ಉಳದ ರೊಟ್ಟಿ ತಿನ್ನಾಕತ್ತೈತಿ.”

ಆ ಕಡೆ ಮೂಗು ಸೇದಿಕೊಂಡದ್ದು ಕೇಳಿಸಿತು. ಆಮೇಲೆ ಮಗಳನ್ನು ಕರೆದರು: “ಏ ಶಮೀನಾ, ತಾಟು ತಾರ. ಈಗ ನಾನೂ ಒಂದ್ ತುತ್ತು ಉಣ್ತೀನಿ.”