ಒಂದು ಚೀಟಿಗೆ ಒಂದೇ ತಪ್ಪು

ಮೂರನೇ ಸಲ ಬಂದಾಗ ಸೆಲ್ವಿ ಅಕ್ಕ ಕುರ್ಚಿಯಲ್ಲಿ ಕೂರಲಿಲ್ಲ. ಭದ್ರಾವತಿಯಿಂದ ಬಸ್ಸಿನಲ್ಲೂ ನಿಂತೇ ಬಂದಿದ್ದರಂತೆ.

ಹೋದ ವರ್ಷ, 2007ರಲ್ಲಿ, ನಾನು ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಸೆಂಟರಿನಲ್ಲಿದ್ದೆ. ಒಂದು ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾಗಲೇ ತೀರಿಕೊಂಡವರ ಮನೆಯವರು ಕೆಲಸ ಕೇಳಿ ಹಾಕುವ ಅರ್ಜಿಗಳನ್ನು ನಾವು ಟೈಪ್ ಮಾಡಿ ಕಳಿಸುತ್ತಿದ್ದೆವು.

ಸೆಲ್ವಿ ಅಕ್ಕನ ಗಂಡ ತೀರಿಕೊಂಡಿದ್ದರು.

ಅರ್ಜಿ ಸರಿಯಿದೆಯೇ ಎಂದು ನೋಡುವ ಪ್ರೋಗ್ರಾಂ ನನ್ನದೇ. ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟವನು ಬರೆದದ್ದು ಎಂದು ಓನರ್ ಬಂದವರಿಗೆಲ್ಲ ತೋರಿಸುತ್ತಿದ್ದರು. ಮೊದಲ ತಪ್ಪು ಸಿಕ್ಕ ಕೂಡಲೇ ಅದು ನಿಂತು, ಒಂದು ಚೀಟಿ ಪ್ರಿಂಟ್ ಮಾಡುತ್ತಿತ್ತು. ಉಳಿದದ್ದನ್ನು ನೋಡುತ್ತಲೇ ಇರಲಿಲ್ಲ.

ಮೊದಲ ಸಲ, ಹೆಸರು ರೇಷನ್ ಕಾರ್ಡಿನಲ್ಲಿದ್ದಂತೆ ಇಲ್ಲ. ಎರಡನೇ ಸಲ, ಹುಟ್ಟಿದ ದಿನಾಂಕ.

ಈಗ ಅವರು ತಂದಿದ್ದ ಮರಣ ಪತ್ರದ ಪ್ರತಿಯಲ್ಲೇ ನಂಬರಿನ ಒಂದು ಅಂಕಿ ಕಡಿಮೆ.

"ಎಲ್ಲಾ ಒಟ್ಟಿಗೆ ಹೇಳಕ್ಕಾಗಲ್ವಾ ತಂಬಿ? ಪ್ರತಿ ಸಲ ಕೆಲ್ಸ ಬಿಟ್ಟು ಬರ್ತೀನಿ."

"ಕಂಪ್ಯೂಟರ್ ಹೇಳಿದ್ದು ಇಷ್ಟೇ ಅಕ್ಕ," ಅಂದೆ.

ಸಾಲಿನಲ್ಲಿದ್ದ ಹೆಂಗಸೊಬ್ಬರು, "ನಮ್ಮತ್ತೆ ಥರ ಮಾರಾಯ್ತಿ ಇದು, ದಿನಕ್ಕೊಂದು ತಪ್ಪು ಹುಡುಕುತ್ತೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಾನು ಹೇಳಿದ್ದು ಸುಳ್ಳು. ಅಂಕಿ ಕಡಿಮೆ ಇರುವುದು ಎರಡನೇ ಸಲವೇ ನನ್ನ ಕಣ್ಣಿಗೆ ಬಿದ್ದಿತ್ತು. ಪ್ರೋಗ್ರಾಂ ಹಿಡಿಯುತ್ತದೋ ಇಲ್ಲವೋ ನೋಡೋಣ ಎಂದು ಸುಮ್ಮನಿದ್ದೆ...

ಅವರು ಮರಣ ಪತ್ರದ ಸರಿಯಾದ ಪ್ರತಿ ಮಾಡಿಸಿ ತರುವಷ್ಟರಲ್ಲಿ ಅರ್ಜಿ ಹಾಕುವ ಕೊನೆಯ ದಿನ ಕಳೆದು ಎರಡು ದಿನವಾಗಿತ್ತು. ಅರ್ಜಿ ಯಾರೂ ತೆಗೆದುಕೊಳ್ಳಲಿಲ್ಲ.

ಆಮೇಲೆ ನೆಟ್‌ನಲ್ಲಿ ಹುಡುಕಿ ಓದಿದೆ. ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ವಿಧಾನದಲ್ಲಿ ಇದಕ್ಕೆ ದಾರಿ ಇತ್ತು. ಒಂದೊಂದು ವಿವರವನ್ನು ನೋಡಲು ಒಂದೊಂದು ಫಂಕ್ಷನ್, ಅಂದರೆ ಪ್ರೋಗ್ರಾಮಿನ ಒಂದು ಪುಟ್ಟ ತುಂಡು. ಒಂದು ತಪ್ಪೆಂದರೂ ಉಳಿದವು ನಿಲ್ಲುವುದಿಲ್ಲ. ತಪ್ಪುಗಳೆಲ್ಲ ಒಂದೇ ಪಟ್ಟಿಗೆ ಸೇರುತ್ತವೆ, ಪಟ್ಟಿ ಖಾಲಿ ಇದ್ದರೆ ಮಾತ್ರ ಅರ್ಜಿ ಮುಂದೆ ಹೋಗುತ್ತದೆ.

ಬರೆಯಲು ಒಂದು ಮಧ್ಯಾಹ್ನ ಸಾಕಾಯಿತು. ಅಷ್ಟೇ ಕೆಲಸ.

ಸೆಲ್ವಿ ಅಕ್ಕನ ಮೊದಲ ಅರ್ಜಿಯನ್ನೇ ಅದಕ್ಕೆ ಕೊಟ್ಟು ನೋಡಿದೆ. ಮೂರು ತಪ್ಪೂ ಒಂದೇ ಚೀಟಿಯಲ್ಲಿ ಬಂದವು.

ಚೀಟಿ ಹಿಡಿದು ಭದ್ರಾವತಿಗೆ ಹೋದೆ. ಅಂಕಿ ಕಡಿಮೆ ಇದ್ದದ್ದನ್ನು ಎರಡನೇ ಸಲವೇ ನೋಡಿದ್ದೆ ಅಂತಲೂ ಹೇಳಿದೆ.

ಅವರು ಬೈಯಲಿಲ್ಲ. ಚೀಟಿ ಓದಿ, ಮಡಚಿ, ನನ್ನ ಜೇಬಿಗೇ ಇಟ್ಟರು. "ಮುಂದೆ ಬರೋರಿಗೆ ಕೊಡು ತಂಬಿ. ನಂಗ್ಯಾಕೆ ಇದು?"

ಅದು ಇನ್ನೂ ನನ್ನ ಹತ್ತಿರವೇ ಇದೆ... ನೀವಾಗಿದ್ದರೆ ಎರಡನೇ ಸಲ ಬಾಯಿ ಬಿಡುತ್ತಿದ್ದಿರಾ?